ಗಡಿಕಲ್ಲಿನ ಮೇಲಿನ ಮೊರ

ಹೊಸೂರಿನ ತಾಲ್ಲೂಕು ಕಚೇರಿಯ ಎದುರು ಆ ಕಾಲಕ್ಕೆ ಒಂದು ದೊಡ್ಡ ಹೊಂಗೆಮರವಿತ್ತು. ಅದರ ನೆರಳಿನಲ್ಲಿ ಅರ್ಜಿ ಬರೆಯುವವರು ಮೂವರು ಕೂರುತ್ತಿದ್ದರು. ಇಬ್ಬರ ಮುಂದೆ ನೊಣ ಹಾರುತ್ತಿದ್ದರೆ ಗುಂಡಣ್ಣನವರ ಮುಂದೆ ಮಾತ್ರ ಸಂತೆ. ತಳಿ ಕಡೆಯವರು, ಬಾಗಲೂರು ಕಡೆಯವರು, ಬೆಳಗ್ಗೆಯೇ ಬಂದು ಬುತ್ತಿಗಂಟು ಪಕ್ಕಕ್ಕಿಟ್ಟುಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ಪಕ್ಕದವನು ಖಾಲಿ ಕೂತು ಕರೆದರೂ ಅವನ ಕಡೆ ತಿರುಗುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಗುಂಡಣ್ಣನವರು ಬರೆದರೆ ಅರ್ಜಿಗೆ ಜೀವ ಬರುತ್ತಿತ್ತು. ಮೊದಲು ಕನ್ನಡದಲ್ಲಿ ಕರಡು ಬರೆಯುವುದು, ಅದನ್ನು ಬಂದವರಿಗೆ ಗಟ್ಟಿಯಾಗಿ ಓದಿ ಹೇಳುವುದು, ಅವರು ಹೂಂ ಅಂದ ಮೇಲೆ ಕಚೇರಿಗೆ ಬೇಕಾದ ತಮಿಳಿನಲ್ಲಿ ಶುದ್ಧಪ್ರತಿ ಮಾಡಿ ಹೆಬ್ಬೆಟ್ಟು ಒತ್ತಿಸುವುದು, ಇದು ಅವರ ಕ್ರಮ. ಓದುವಾಗ ಅವರ ದನಿ ಹರಿಕಥೆ ದಾಸರ ದನಿ. ಒಮ್ಮೆ ಬೇಲಿ ತಕರಾರಿನ ಅರ್ಜಿ ಕೇಳಿ ಅರ್ಜಿದಾರನೇ ಅತ್ತುಬಿಟ್ಟನಂತೆ. 'ನಂಗೆ ಇಷ್ಟೊಂದು ಅನ್ಯಾಯ ಆಗದೆ ಅಂತ ಈಗ್ಲೇ ಗೊತ್ತಾಗಿದ್ದು ಸಾಮಿ' ಅಂದನಂತೆ. ಗುಂಡಣ್ಣನವರು ಈ ಕಥೆಯನ್ನು ಊಟಕ್ಕೆ ಕೂತಾಗಲೆಲ್ಲ ಹೆಂಡತಿ ಜಲಜಮ್ಮನವರಿಗೆ ಹೇಳಿ ನಗುತ್ತಿದ್ದರು. ಆಗ ಅದು ನಗುವ ಕಥೆಯೇ ಆಗಿತ್ತು.

ಸಾವಿರದ ಒಂಬೈನೂರ ನಲವತ್ತಮೂರರ ಭಾದ್ರಪದ. ಯುದ್ಧದ ಕಾಲ, ಅಕ್ಕಿ ಇಲ್ಲ, ಸೀಮೆಎಣ್ಣೆ ಇಲ್ಲ. ಅದು ಸಾಲದೆಂಬಂತೆ ಹಳ್ಳಿಗಳಿಗೆ ವಾಂತಿಭೇದಿ ಹೊಕ್ಕಿತು. ಬಾಗಲೂರಿನ ಆಚೆ ಬೀರೇನಹಳ್ಳಿ ಎಂಬ ಊರು. ಮೂವತ್ತು ಮನೆಯಿದ್ದರೆ ಹೆಚ್ಚು. ಅಲ್ಲಿ ಒಂದೇ ವಾರದಲ್ಲಿ ಏಳು ಹೆಣ ಬಿದ್ದವು. ಎಂಟನೆಯ ದಿನ ಊರಿನ ಹಿರಿಯ ಮುನಿವೆಂಕಟಪ್ಪ ಆರು ಜನರನ್ನು ಕರೆದುಕೊಂಡು ಹೊಂಗೆಮರದ ಕೆಳಗೆ ಬಂದು ಕೂತ. ಅವನ ಸೊಸೆ ರಾಮಕ್ಕನೂ ಸತ್ತ ಏಳು ಜನರಲ್ಲಿ ಒಬ್ಬಳು. ಆರು ತಿಂಗಳ ಹೆಣ್ಣು ಮಗುವನ್ನು ಬಿಟ್ಟು ಹೋಗಿದ್ದಳು.

'ನಮ್ಮೂರಿಗೆ ಮಾರಿ ತಂದು ಬುಟ್ಟವ್ರೆ ಸಾಮಿ' ಅಂದ ಮುನಿವೆಂಕಟಪ್ಪ. 'ಬರ್ಕೊಡಿ. ಆ ಹೆಂಗಸನ್ನ ಈ ಸೀಮೇಲಿ ಇರುಸ್ಕೂಡದು.'

ಆ ಸೀಮೆಯಲ್ಲಿ ಊರಿಗೆ ಅಂಥ ಕಾಯಿಲೆ ಬಂದರೆ ಮಾರಿಯನ್ನು ಸಾಗಹಾಕುವ ಪದ್ಧತಿ ಇತ್ತು. ಹೊಸ ಮೊರದಲ್ಲಿ ಅರಿಸಿನ ಕುಂಕುಮ, ಬಳೆ, ಕುಪ್ಪಸದ ಕಣ, ತೆಂಗಿನಕಾಯಿ, ಬೇವಿನ ಸೊಪ್ಪು ಇಟ್ಟು ಪೂಜೆ ಮಾಡಿ, ಹೊತ್ತುಕೊಂಡು ಹೋಗಿ ಪಕ್ಕದೂರಿನ ಎಲ್ಲೆಯಲ್ಲಿ ಇಳಿಸಿ, ಹಿಂತಿರುಗಿ ನೋಡದೆ ಬರುತ್ತಿದ್ದರು. ನಮ್ಮೂರ ತಾಯಿ ನಿಮ್ಮೂರಿಗೆ ಹೋದಳು, ಅಷ್ಟೇ. ಪಕ್ಕದೂರಿನವರು ಅದನ್ನು ಕಂಡರೆ ಅವರೂ ಹೊತ್ತು ಇನ್ನೊಂದೂರಿನ ಎಲ್ಲೆಗೆ. ಹೀಗೆ ಒಬ್ಬರ ಕಷ್ಟವನ್ನು ಇನ್ನೊಬ್ಬರ ತಲೆಗೆ ದಾಟಿಸಿ ಎಲ್ಲರೂ ಬದುಕಿದ್ದರು, ಬದುಕಿದವರು.

ಬೀರೇನಹಳ್ಳಿಯ ಗಡಿಕಲ್ಲಿನ ಮೇಲೆ ಅಂಥ ಮೊರ ಸಿಕ್ಕಿತ್ತು. ಅದನ್ನಿಟ್ಟು ಹೋದವಳು ಪಕ್ಕದ ಹುಣಸೆದೊಡ್ಡಿಯ ಪಿಳ್ಳಮ್ಮ. ಹೊಲದಲ್ಲಿದ್ದ ಹೆಂಗಸೊಬ್ಬಳು ಅವಳು ಕಲ್ಲಿನ ಬಳಿಯಿಂದ ವಾಪಸು ಹೋಗುವುದನ್ನು ದೂರದಿಂದ ನೋಡಿದ್ದಳು. ಪಿಳ್ಳಮ್ಮ ಬೇರೆ ಯಾರೂ ಅಲ್ಲ, ಸತ್ತ ರಾಮಕ್ಕನ ತಾಯಿ, ಮುನಿವೆಂಕಟಪ್ಪನ ಬೀಗಿತ್ತಿ. ಬಾಣಂತನಕ್ಕೆ ಮಗಳನ್ನು ಕಳಿಸಲಿಲ್ಲವೆಂದು ಬೀಗರ ಮನೆಯ ಬಾಗಿಲಲ್ಲಿ ನಿಂತು ಜಗಳವಾಡಿ ಹೋಗಿದ್ದಳು. ಆ ಹಗೆಗೆ ಹೀಗೆ ಮಾಡಿದಳು ಅನ್ನುವುದು ಇವರ ಮಾತು.

ಏಳು ಜನ ಏಳು ಬಾಯಲ್ಲಿ ಮಾತಾಡಿದರು. ಸತ್ತವರ ನೆನಪು ಬಂದಾಗ ಅತ್ತರು. ಒಬ್ಬ ಮೊರದ ಸುದ್ದಿ ಎತ್ತಿದರೆ ಇನ್ನೊಬ್ಬ ಸುಡುಗಾಡಿನ ಸುದ್ದಿ ಎತ್ತಿದ. ಚೌತಿಯ ದಿನ ಮೊರ ಕಂಡಿತು ಅಂತ ಒಬ್ಬ ಅಂದ. ಆ ಗುಂಪಿನಲ್ಲಿ ಕುರಿ ಮೇಯಿಸುವ ಕೊಂಡಪ್ಪ ಎಂಬುವನಿದ್ದ. ಅವನು ಮಾತ್ರ ಏನೋ ಹೇಳಲು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಬೇರೆಯವರ ದನಿ ಮೇಲಾಯಿತು. ಗುಂಡಣ್ಣನವರು ಅದನ್ನು ನೋಡಿದರು. ಕೇಳಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತಲೂ ಕೇಳಲಿಲ್ಲ. ಇಪ್ಪತ್ತು ವರ್ಷದ ಅನುಭವಸ್ಥರಿಗೆ ಕೇಳುವುದೇನಿದೆ? ಚದುರಿ ಬಿದ್ದ ಮಾತನ್ನು ಒಪ್ಪವಾಗಿ ಜೋಡಿಸುವುದೇ ತಮ್ಮ ಕಸುಬೆಂದು ಅವರು ತಿಳಿದಿದ್ದರು.

ಜೋಡಿಸಿದರು. ಮೊದಲು ಮೊರ ಇಟ್ಟರು, ಆಮೇಲೆ ಸಾವು. ಹಾಗಲ್ಲದೆ ಅರ್ಜಿ ನಿಲ್ಲುವುದು ಹೇಗೆ? ಚೌತಿಯ ದಿನ ಅಂದರೆ ಸಪ್ಪೆ, ಅಮಾವಾಸ್ಯೆ ರಾತ್ರಿ ಅಂದರೆ ಎದೆ ಝಲ್ಲೆನ್ನುತ್ತದೆ. ಅಮಾವಾಸ್ಯೆ ಅಂತ ಬರೆದರು. ಸುಮ್ಮನೆ ಬಂದು ಇಟ್ಟು ಹೋದಳು ಅಂದರೆ ಯಾವ ಅಧಿಕಾರಿ ತಲೆಯೆತ್ತಿ ನೋಡುತ್ತಾನೆ? 'ಸದರಿ ಪಿಳ್ಳಮ್ಮನೆಂಬ ಹೆಂಗಸು ಕೂದಲು ಬಿಚ್ಚಿ ಹರಡಿಕೊಂಡು, ಗಡಿಕಲ್ಲನ್ನು ಮೂರು ಸುತ್ತು ಸುತ್ತಿ, ಹಿಂದು ಹಿಂದಕ್ಕೆ ಹೆಜ್ಜೆಯಿಡುತ್ತ ಮಾಯವಾಗಿ, ತನ್ನ ಹೆತ್ತ ಮಗಳನ್ನೂ ಬಿಡದೆ ಬಲಿ ತೆಗೆದುಕೊಂಡಿರುತ್ತಾಳೆ' ಎಂದು ಬರೆದರು. ಹಿಂದು ಹಿಂದಕ್ಕೆ ಅನ್ನುವಲ್ಲಿ ಒಂದು ಗಳಿಗೆ ಲೇಖನಿ ನಿಂತು, ತಮಗೇ ಮೆಚ್ಚಿಗೆಯಾಗಿ, ಮುಂದೆ ಹೋಯಿತು.

ಓದಿ ಹೇಳಿದರು. ಅಳುತ್ತಿದ್ದವರು ಅಳು ನಿಲ್ಲಿಸಿದರು. ಮುನಿವೆಂಕಟಪ್ಪ ಕೈಮುಗಿದು, 'ಕಣ್ಣಲ್ಲಿ ನೋಡ್ದಂಗೆ ಬರ್ದಿದ್ದೀರಿ ಸಾಮಿ' ಅಂದ. ಏಳು ಜನ ಹೆಬ್ಬೆಟ್ಟು ಒತ್ತಿದರು. ಕೊಂಡಪ್ಪನದು ಕೊನೆಯದು. ಕನ್ನಡದ ಕರಡನ್ನು ಊರಿನವರಿಗೂ ಓದಿಸುತ್ತೇವೆಂದು ಕೇಳಿ ಮಡಿಸಿ ಒಯ್ದರು.

ಹದಿನೈದು ದಿನಕ್ಕೆ ರೆವಿನ್ಯೂ ಇನ್ಸ್‌ಪೆಕ್ಟರು ವಿಚಾರಣೆಗೆ ಬೀರೇನಹಳ್ಳಿಗೆ ಬಂದರು. ಬರೆದವರು ಎದುರಿಗಿದ್ದರೆ ನಮಗೆ ಧೈರ್ಯ ಎಂದು ಮುನಿವೆಂಕಟಪ್ಪ ಗಾಡಿ ಕಟ್ಟಿಸಿ ಗುಂಡಣ್ಣನವರನ್ನೂ ಕರೆಸಿಕೊಂಡ. ಅರಳಿಕಟ್ಟೆಯ ಮೇಲೆ ಜಮಖಾನ ಹಾಸಿ ಕೂರಿಸಿದರು. ಗುಂಡಣ್ಣನವರಿಗೆ ಒಳಗೊಳಗೇ ಹಿಗ್ಗು.

ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದರು. ಮೊದಲನೆಯವನು, 'ಅಮಾಸೆ ರಾತ್ರಿ ಸಾಮಿ. ಕೂದ್ಲು ಬಿಚ್ಚಿ ಹರಡ್ಕೊಂಡಿದ್ಲು. ನಾನೇ ನೋಡ್ದೆ' ಅಂದ. ಗುಂಡಣ್ಣನವರು ತಲೆದೂಗಿದರು. ಎರಡನೆಯವಳು ಆ ಹೊಲದಲ್ಲಿದ್ದ ಹೆಂಗಸು. 'ಕಲ್ಲನ್ನ ಮೂರು ಸುತ್ತು ಸುತ್ತಿದ್ಲು. ಹಿಂದಿಂದಕ್ಕೇ ನಡ್ಕೊಂಡು ಹೋಗ್ಬುಟ್ಲು' ಅಂದಳು. ಅವಳ ಮುಖದಲ್ಲಿ ಸುಳ್ಳು ಹೇಳುವವರ ಕಳೆಯಿರಲಿಲ್ಲ. ನೆನಪು ಮಾಡಿಕೊಳ್ಳುವಾಗ ಅವಳ ಮೈ ನಿಜವಾಗಿ ನಡುಗಿತು. ಮೂರನೆಯವನು, ನಾಲ್ಕನೆಯವನು, ಎಲ್ಲರೂ ಅದನ್ನೇ ಅಂದರು. ಒಬ್ಬನಂತೂ 'ಸದರಿ ಹೆಂಗಸು' ಅಂದುಬಿಟ್ಟ.

ಗುಂಡಣ್ಣನವರ ತಲೆ ದೂಗುವುದು ನಿಂತಿತು. ಮರದ ಕೆಳಗೆ ಇವರು ಯಾರೂ ಕೂದಲಿನ ಮಾತು ಎತ್ತಿರಲಿಲ್ಲ. ಅಮಾವಾಸ್ಯೆ ಅಂದಿರಲಿಲ್ಲ. ಅದೆಲ್ಲ ತಮ್ಮ ಲೇಖನಿಯಿಂದ ಬಂದದ್ದು. ಈಗ ಅದು ಕಣ್ಣು, ಕಿವಿ, ಮೈನಡುಕ ಎಲ್ಲ ಬೆಳೆಸಿಕೊಂಡು ತಮ್ಮೆದುರಿಗೇ ನಿಂತು ಆಣೆ ಮಾಡುತ್ತಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನರನ್ನು ನೋಡಿ ನಾವು ನಗುತ್ತೇವೆ. ಎತ್ತು ಈಯಿತು ಅಂತ ಮೊದಲು ಅಂದವನು ತಾನೇ ಎಂದು ಗೊತ್ತಾದವನ ಪಾಡು ಏನು?

ಕೊನೆಗೆ ಪಿಳ್ಳಮ್ಮನನ್ನು ಕರೆದರು. ನಲವತ್ತೈದರ ಸಣಕಲು ಹೆಂಗಸು. ಗಂಡ ಚಿಕ್ಕಮುನಿಯಪ್ಪನಿಗೆ ಪಾರ್ಶ್ವವಾಯು ಬಡಿದು ಮೂರು ವರ್ಷವಾಗಿತ್ತು, ಹೊಲ ಮನೆ ಎರಡನ್ನೂ ಒಬ್ಬಳೇ ನೋಡಿಕೊಳ್ಳುವವಳು. ಕಟ್ಟೆಯ ಮುಂದೆ ನಿಂತು ಇನ್ಸ್‌ಪೆಕ್ಟರ ಕಡೆ ನೋಡದೆ ಮುನಿವೆಂಕಟಪ್ಪನ ಹೆಂಡತಿ, ತನ್ನ ಬೀಗಿತ್ತಿ ಭದ್ರಮ್ಮನ ಕಡೆ ನೋಡಿದಳು.

'ಅದು ಬಾಗಿನ ಸಾಮಿ' ಅಂದಳು. 'ನನ್ ಮಗಳ ಗೌರಿ ಬಾಗಿನ. ಇನ್ನೇನೂ ಕೇಳಕಿಲ್ಲ. ಕೂಸನ್ನ ಒಂದ್ಸಲ ತೋರ್ಸಕ್ಕೇಳಿ.'

ಜನ ಹೋ ಎಂದು ಕೂಗಿದರು. ಸಾವಿನ ಮನೆಗೆ ಬಾಗಿನವೇನು, ಬಾಗಿನವನ್ನು ಕಲ್ಲಿನ ಮೇಲಿಡುವುದೇನು! ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ, ಇದರಲ್ಲಿ ಕಾನೂನಿನ ಅಪರಾಧ ಯಾವುದೂ ಇಲ್ಲವೆಂದು ಬರೆದುಕೊಂಡು ಎದ್ದುಹೋದರು. ಅವರ ಕಾಗದ ಅವರ ಜೊತೆ ಹೋಯಿತು. ಗುಂಡಣ್ಣನವರ ಕಾಗದ ಊರಲ್ಲಿ ಉಳಿಯಿತು. ಆ ಸಂಜೆಯೇ ಎರಡೂ ಊರಿನ ಹಿರಿಯರು ಸೇರಿ ಪಿಳ್ಳಮ್ಮ ಗಡಿಕಲ್ಲು ದಾಟಕೂಡದು ಎಂದರು. ಅವಳ ಸ್ವಂತ ಊರು ಹುಣಸೆದೊಡ್ಡಿಯವರು ಅವಳಿಗೆ ಸೇದುವ ಬಾವಿ ಬಂದ್ ಮಾಡಿದರು. ಮಗುವನ್ನು ಅವಳು ನೋಡಲಿಲ್ಲ.

ಗುಂಡಣ್ಣನವರು ಮನೆಗೆ ಬಂದು ಪಂಚಾಂಗ ತೆಗೆದರು. ಚೌತಿಗೂ ಅಮಾವಾಸ್ಯೆಗೂ ನಡುವೆ ಇರುವ ದಿನಗಳನ್ನು, ಮರೆತವರ ಹಾಗೆ, ಬೆರಳಿಟ್ಟು ನೋಡಿದರು. ಚೌತಿಯ ಹಿಂದಿನ ದಿನ ಗೌರಿ ತದಿಗೆ. 'ಏನೂಂದ್ರೆ, ಊಟಕ್ಕೇಳಿ' ಅಂತ ಜಲಜಮ್ಮನವರು ಎರಡು ಸಲ ಕರೆದರು. ಅವರು ಏಳಲಿಲ್ಲ.

ಮರುವಾರ ಬಾಗಲೂರಿನ ತನಕ ಗಾಡಿಯಲ್ಲಿ ಹೋಗಿ, ಅಲ್ಲಿಂದ ನಡೆದು ಹುಣಸೆದೊಡ್ಡಿ ಸೇರಿದರು. ಪಿಳ್ಳಮ್ಮ ಹೊಲದ ಗುಂಡಿಯಿಂದ ಕೆಸರುನೀರು ತಂದು ಬಟ್ಟೆಯಲ್ಲಿ ಸೋಸುತ್ತಿದ್ದಳು. ಇವರನ್ನು ಕಂಡು ಬೈಯುತ್ತಾಳೆಂದುಕೊಂಡಿದ್ದರು. ಅವಳು ಜಗಲಿ ಒರೆಸಿ ಕೂರಲು ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸಿತು.

'ನಡೆದದ್ದು ನಡೆದ ಹಾಗೆ ಹೇಳಮ್ಮ. ಮೊದಲಿಂದ' ಅಂದರು. ಇಪ್ಪತ್ತು ವರ್ಷದಲ್ಲಿ ಆ ಮಾತನ್ನು ಅವರು ಯಾರಿಗೂ ಅಂದಿರಲಿಲ್ಲ.

ಅವಳು ಹೇಳಿದಳು. ಗಂಡುಮಕ್ಕಳಿಲ್ಲದ ಮನೆ, ಗಂಡನಿಗೆ ಕಾಲಿಲ್ಲ, ಹಾಗಾಗಿ ಬಾಗಿನ ಕೊಡಲು ತಾನೇ ಹೊರಟಳು. ಜಗಳವಾಡಿ ಬಂದವಳಿಗೆ ಬಾಗಿನದ ನೆವದಲ್ಲಾದರೂ ಬೀಗರ ಮನೆಯ ಬಾಗಿಲು ತುಳಿಯುವ ಆಸೆ. ಮೊರಕ್ಕೆ ಮೊರ ಮುಚ್ಚಿ, ದಾರ ಸುತ್ತಿ, ತಲೆಯ ಮೇಲಿಟ್ಟುಕೊಂಡು ಗಡಿಕಲ್ಲಿನ ತನಕ ಬಂದಳು. ಅಲ್ಲಿ ಕೊಂಡಪ್ಪ ಕುರಿ ಬಿಟ್ಟುಕೊಂಡು ಕೂತಿದ್ದ. 'ಮುಂದಕ್ಕೆ ಬರಬ್ಯಾಡ ಪಿಳ್ಳಮ್ಮಕ್ಕ, ಊರಲ್ಲಿ ಕಾಯ್ಲೆ. ನಿನ್ ಮಗಳು ನಿನ್ನೆ ಹೋಗ್ಬುಟ್ಲು. ಮಣ್ಣೂ ಮಾಡಾಯ್ತು' ಅಂದ. ಕೈ ತನ್ನಿಂದ ತಾನೇ ಮೊರವನ್ನು ಕಲ್ಲಿನ ಮೇಲಿಳಿಸಿತು. ಎಷ್ಟು ಹೊತ್ತು ಕೂತಳೋ ಗೊತ್ತಿಲ್ಲ. ಎದ್ದು ಬರುವಾಗ ಮೊರದ ನೆನಪಿರಲಿಲ್ಲ.

'ಬೇವಿನ ಸೊಪ್ಪು?' ಎಂದರು ಗುಂಡಣ್ಣನವರು.

'ಕಲ್ಲಿನ ಮ್ಯಾಲೆ ಇರೋದೇ ಬೇವಿನ ಮರ ಅಲ್ವಾ ಸಾಮಿ.'

ವಾಪಸು ಬರುವಾಗ ಆ ಕಲ್ಲಿನ ದಾರಿಯಲ್ಲೇ ಬಂದರು. ಮರವಿತ್ತು. ಕಲ್ಲಿನ ಮೇಲೆ ಸೊಪ್ಪು ಉದುರಿತ್ತು. ಮುಚ್ಚಿದ್ದ ಮೇಲಿನ ಮೊರ ದಾರ ಸಡಿಲಿ, ಗಾಳಿಗೆ ಹಾರಿ ಕಳ್ಳಿಬೇಲಿಯಲ್ಲಿ ಸಿಕ್ಕಿಕೊಂಡು ಇನ್ನೂ ಹಾಗೇ ಇತ್ತು. ಅಲ್ಲೇ ಕೊಂಡಪ್ಪನೂ ಇದ್ದ.

'ನಿನಗೆ ಗೊತ್ತಿತ್ತಲ್ಲಯ್ಯ! ಸಾವು ಮೊದಲು, ಮೊರ ಆಮೇಲೆ. ಯಾಕಯ್ಯಾ ಹೆಬ್ಬೆಟ್ಟು ಒತ್ತಿದೆ?' ಎಂದು ಗುಂಡಣ್ಣನವರು ಕೂಗಾಡಿದರು. ಕೋಪ ಬರಬೇಕಾದದ್ದು ಯಾರ ಮೇಲೆ ಎಂದು ಗೊತ್ತಿದ್ದೂ ಕೂಗಾಡಿದರು.

ಕೊಂಡಪ್ಪ ಕೋಲನ್ನು ಎರಡು ಕೈಯಲ್ಲೂ ಹಿಡಿದುಕೊಂಡ. 'ನೀವು ಓದುದ್ರಲ್ಲಾ ಸಾಮಿ. ಅದ್ರಲ್ಲಿ ಅಂಗಿತ್ತು. ನಾನೇ ತಪ್ಪಾಗಿ ತಿಳ್ಕಂಡಿದ್ದೆ ಅಂದ್ಕಂಡೆ. ಓದಿದೋರು ಬರ್ದವ್ರೆ, ನಾನು ಕುರಿ ಕಾಯೋನು.'

ಅರ್ಜಿ ವಾಪಸು ತೆಗೆದುಕೊಳ್ಳಲು ಗುಂಡಣ್ಣನವರು ಕಚೇರಿಗೆ ಅಲೆದರು. ವಿಷಯ ಮುಗಿದಿದೆ, ವಾಪಸು ತೆಗೆದುಕೊಳ್ಳಲು ಏನೂ ಉಳಿದಿಲ್ಲ ಎಂದು ಗುಮಾಸ್ತರು ಸಮಾಧಾನವಾಗಿಯೇ ಹೇಳಿದರು. ಮುನಿವೆಂಕಟಪ್ಪನ ಬಳಿ ಹೋಗಿ ಅದೆಲ್ಲ ನಾನು ಕಟ್ಟಿದ್ದಪ್ಪಾ ಎಂದರು. ಅವನು ಇವರ ಮುಖವನ್ನೇ ನೋಡಿ, ಅವಳು ಇವರಿಗೂ ಏನೋ ಮಾಡಿಸಿದ್ದಾಳೆ ಎಂದು ಮನೆಯವರಿಗೆ ಹೇಳಿದನಂತೆ. ಕೊಂಡಪ್ಪ ಇವರನ್ನು ದೂರದಿಂದ ಕಂಡರೆ ಕುರಿ ತಿರುಗಿಸಿಕೊಂಡು ಹೋಗುತ್ತಿದ್ದ.

ಅಲ್ಲಿಂದ ಗುಂಡಣ್ಣನವರ ಕಸುಬು ಕೆಟ್ಟಿತು. ಬಂದವರನ್ನು 'ನೀನೇ ಕಂಡೆಯಾ? ಯಾವ ದಿನ? ಅದಕ್ಕೆ ಮುಂಚೆ ಏನಾಯಿತು?' ಎಂದು ಕೇಳಲು ಶುರುಮಾಡಿದರು. ಅರ್ಜಿ ಬರೆಸಲು ಬಂದವನಿಗೆ ಇವರು ಪೊಲೀಸಿನವರ ಹಾಗೆ ಕಂಡರು. ಜನ ಪಕ್ಕದವನ ಮುಂದೆ ಹೋಗಿ ಕೂತರು. 'ಮೊದಲು ಮೂವತ್ತು ಸಾಲು ಬರೀತಿದ್ರು, ಈಗ ಮೂರು ಸಾಲು ಬರೀತಾರೆ' ಎಂದು ಆಡಿಕೊಂಡರು. ಆಡಿದ್ದು ಸುಳ್ಳಲ್ಲ.

ನಲವತ್ತೈದರಲ್ಲಿ, ಯುದ್ಧ ಮುಗಿದ ವರ್ಷ, ಗುಂಡಣ್ಣನವರು ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. ಕಾಗದಕ್ಕೆ ಬರ. ಬೆಂಗಳೂರಿನ ಒಂದು ಚಿಕ್ಕ ಅಚ್ಚುಕೂಟದವರು ಪೊಟ್ಟಣ ಕಟ್ಟುವ ಕಂದು ಕಾಗದದಲ್ಲಿ ಇನ್ನೂರು ಪ್ರತಿ ಮಾಡಿಕೊಟ್ಟರು. ಹೆಸರು 'ಅರ್ಜಿ ಬರೆದವನ ಅರ್ಜಿ'. ಮೊದಲ ನಾಲ್ಕು ಪುಟ ಆ ಅರ್ಜಿ, ನೆನಪಿನಿಂದಲೇ, ಒಂದಕ್ಷರ ಬಿಡದೆ. ಆಮೇಲಿನ ಇಪ್ಪತ್ತೆಂಟು ಪುಟ, ಅದರಲ್ಲಿ ಯಾವ ಸಾಲು ಹೇಗೆ ಸುಳ್ಳು, ಅದು ಯಾರ ಕೈಯಿಂದ ಬಂತು ಅನ್ನುವ ಒಪ್ಪಿಗೆ. ಸಂತೆಯ ದಿನ ತಾವೇ ಗೋಣಿತಾಟು ಹಾಸಿ ಮಾರಲು ಕೂತರು.

ಹೊಸೂರು ಹೊತ್ತಿಕೊಂಡಿತು. ಮರದ ಕೆಳಗಿನವರು, ಇವರು ನಮ್ಮ ಅನ್ನಕ್ಕೆ ಮಣ್ಣು ಹಾಕಿದರು ಎಂದರು. ದೇವಸ್ಥಾನದ ಬೀದಿಯವರು ತಾಯಿಯ ಪೂಜೆಯನ್ನು ಹೀಯಾಳಿಸಿದ್ದಾನೆಂದು ಮನೆಗೆ ಬರುವುದು ಬಿಟ್ಟರು. ಜಲಜಮ್ಮನವರನ್ನು ಅರಿಸಿನ ಕುಂಕುಮಕ್ಕೆ ಕರೆಯುವುದು ನಿಂತಿತು. ಬೀರೇನಹಳ್ಳಿಯವರು ಸಂತೆಗೆ ಬಂದು, ಏಳು ಹೆಣ ಹೊತ್ತ ನಮ್ಮನ್ನು ಸುಳ್ಳರು ಅಂತೀಯಾ ಎಂದು ಪುಸ್ತಕಗಳನ್ನು ಕಿತ್ತು ಹರಿದರು. ಆ ಮಾತಿನಲ್ಲೂ ನೋವಿತ್ತು. ಬೆಂಗಳೂರಿನ ದೊಡ್ಡ ಮನುಷ್ಯರೊಬ್ಬರು ಹಳ್ಳಿಗರ ಮೌಢ್ಯಕ್ಕೆ ತಕ್ಕ ಪೆಟ್ಟು ಕೊಟ್ಟಿದ್ದೀರಿ ಎಂದು ಮೆಚ್ಚಿ ಕಾಗದ ಬರೆದರು. ಗುಂಡಣ್ಣನವರಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಕಾಗದಕ್ಕೆ. ಆ ಹಳ್ಳಿಯವರು ಹೇಳಿದ್ದನ್ನು ನಾನು ಕೇಳಲಿಲ್ಲ, ಮೌಢ್ಯ ನನ್ನದು ಎಂದು ಒಂದೇ ಸಾಲಿನ ಉತ್ತರ ಹಾಕಿದರು.

ಹೆಂಡತಿ ಏನೂ ಅನ್ನಲಿಲ್ಲ. ಒಂದು ದಿನ ಮಾತ್ರ, 'ತಪ್ಪು ಒಪ್ಪಿಕೊಂಡಿರಿ, ಸರಿ. ಆ ಹೆಂಗಸಿಗೆ ಕೂಸು ಸಿಕ್ಕಿತೇ?' ಎಂದು ಕೇಳಿದರು.

ಸಿಕ್ಕಿರಲಿಲ್ಲ. ಅದೊಂದು ಇರಲಿ, ಆದದ್ದು ಇನ್ನೊಂದು. ಮುಂದಿನ ಬೇಸಿಗೆಯಲ್ಲಿ ಪಿಳ್ಳಮ್ಮ ಹೊಂಗೆಮರದ ಕೆಳಗೆ ಬಂದಳು. ಗಂಡ ತೀರಿಕೊಂಡು ತಿಂಗಳಾಗಿತ್ತು. ಹೆಣ ಎತ್ತಲು ಊರಿನವರು ಬರದೆ ದೂರದ ನೆಂಟರು ಬಂದು ಎತ್ತಿದ್ದರು. ಹಣೆಯಲ್ಲಿ ಕುಂಕುಮವಿರಲಿಲ್ಲ.

'ಸಾಮಿ, ನೀವು ನಂಗೆ ಒಳ್ಳೇದು ಮಾಡಕ್ಕೇ ಬರ್ದಿದ್ದೀರಿ ಅಂತ ಗೊತ್ತು' ಅಂದಳು. 'ಮೊದ್ಲು ಎಲ್ಡು ಊರಿಗೆ ಗೊತ್ತಿತ್ತು. ಈಗ ಕೃಷ್ಣಗಿರಿ ಸಂತೇಲೂ ಕೇಳ್ತಾರೆ, ಹಿಂದಿಂದಕ್ಕೆ ನಡ್ಯೋ ಪಿಳ್ಳಮ್ಮ ನೀನೇನಾ ಅಂತ. ಮೊದಲ್ನೇ ನಾಲ್ಕು ಹಾಳೆ ಓದಿ ಮಡಿಸಿ ಇಟ್ಬುಡ್ತಾರೆ. ಐಕ್ಲು ಪದ ಕಟ್ಟವ್ರೆ.'

ಗುಂಡಣ್ಣನವರು ಲೇಖನಿಯನ್ನು ಕೆಳಗಿಟ್ಟರು.

'ಅಳ್ಸಕ್ಕಾಯ್ತದಾ ಸಾಮಿ?' ಎಂದು ಅವಳು ಕೇಳಿದಳು. ಕುಹಕದಿಂದ ಕೇಳಲಿಲ್ಲ. ಓದು ಬರಹ ತಿಳಿದವರಿಗೆ ಅದಕ್ಕೂ ಒಂದು ದಾರಿ ಗೊತ್ತಿರಬಹುದು ಎಂದು ಕೇಳಿದಳು.

ಅಂದು ಮನೆಗೆ ಹೋಗಿ ಉಳಿದಿದ್ದ ಪ್ರತಿಗಳನ್ನೆಲ್ಲ ಒಲೆಗೆ ಹಾಕಿದರು. ಬರೆದು ಕೆಡಿಸಿದ್ದನ್ನು ಬರೆದೇ ಸರಿಮಾಡುತ್ತೇನೆ ಎಂದು ಹೊರಟ ತಮ್ಮ ಜಂಬ ಅವರಿಗೆ ಆವತ್ತು ಗೊತ್ತಾಯಿತು. ಜಲಜಮ್ಮನವರು ಆ ಬೆಂಕಿಯಲ್ಲೇ ನೀರು ಕಾಯಿಸಿದರು.

ಇನ್ನೂ ಒಂದು ವರ್ಷ ಹೀಗೇ ಹೋಯಿತು. ನಲವತ್ತೇಳರಲ್ಲಿ ಸ್ವಾತಂತ್ರ್ಯ ಬಂತು, ಕಚೇರಿಯ ಮೇಲೆ ಬಾವುಟ ಬದಲಾಯಿತು, ಮಕ್ಕಳಿಗೆ ಪೆಪ್ಪರಮೆಂಟು ಹಂಚಿದರು. ಅದಾಗಿ ತಿಂಗಳಿಗೆ, ಗೌರಿ ಹಬ್ಬಕ್ಕೆ ಎರಡು ದಿನವಿರುವಾಗ, ಕೊಂಡಪ್ಪ ತಾನಾಗಿ ಹೊಂಗೆಮರದ ಕೆಳಗೆ ಬಂದು ಕುಕ್ಕರುಗಾಲಲ್ಲಿ ಕೂತ.

'ನನ್ ಮಗಳ್ನ ಹುಣಸೆದೊಡ್ಡೀಗೆ ಕೊಟ್ಟಿದ್ದೀನಿ ಸಾಮಿ. ಈ ವರ್ಸ ಮೊದಲ್ನೇ ಬಾಗಿನ. ಹೊಸ ಮೊರ ತಂದು ಇಟ್ಟವ್ನಿ. ಮುಟ್ಟಕ್ಕೆ ಕೈ ಬರಾಕಿಲ್ಲ. ಆ ಕಲ್ಲು ದಾಟ್ಕೊಂಡೇ ಹೋಗ್ಬೇಕು.' ಆಮೇಲೆ ತಲೆಯೆತ್ತಿ, 'ನಾನು ಹೇಳ್ಬುಡ್ತೀನಿ' ಅಂದ.

ಗುಂಡಣ್ಣನವರ ಕೈ ರೂಢಿಯಿಂದ ಲೇಖನಿಗೆ ಹೋಯಿತು.

'ಬರೀಬ್ಯಾಡಿ ಸಾಮಿ' ಅಂದ ಕೊಂಡಪ್ಪ. 'ನೀವು ಬರುದ್ರೆ ನಾನು ಕಂಡಿದ್ದು ನಂಗೇ ಮರ್ತೋಯ್ತದೆ. ನಾನೇ ಬಾಯಲ್ಲಿ ಹೇಳ್ತೀನಿ. ನೀವು ಬಂದು ಕೂತ್ಕಳಿ, ಸಾಕು.'

ತದಿಗೆಯ ದಿನ ಬೆಳಗ್ಗೆ ಗುಂಡಣ್ಣನವರು ಹುಣಸೆದೊಡ್ಡಿಗೆ ಹೋಗಿ ಪಿಳ್ಳಮ್ಮನನ್ನು ಕರೆದುಕೊಂಡು ಗಡಿಕಲ್ಲಿನ ಬಳಿಗೆ ಬಂದರು. ಅವಳು ಕಲ್ಲಿನ ಈಚೆಗೇ ನಿಂತಳು. ಕೊಂಡಪ್ಪ ತನ್ನೂರಿನ ಹಿರಿಯರನ್ನು ಕರೆತಂದಿದ್ದ. ಮುನಿವೆಂಕಟಪ್ಪ ಮುದುಕನಾಗಿದ್ದ. ಹಿಂದೆ ಭದ್ರಮ್ಮ, ಇನ್ನೂ ಹತ್ತಿಪ್ಪತ್ತು ಜನ. ಕೊಂಡಪ್ಪ ತನ್ನ ಮಗಳ ಬಾಗಿನದ ಮೊರವನ್ನು ತಲೆಯಿಂದಿಳಿಸಿ ಅದೇ ಕಲ್ಲಿನ ಮೇಲಿಟ್ಟ. ಜನ ಒಂದು ಹೆಜ್ಜೆ ಹಿಂದೆ ಸರಿದರು.

'ಇಂಗೇ ಇಟ್ಲು' ಅಂದ ಕೊಂಡಪ್ಪ. 'ಹಗಲೊತ್ತು. ಕೂದ್ಲು ಕಟ್ಟಿತ್ತು, ಹೂ ಮುಡಿದಿದ್ಲು, ಮಗಳ ಮನೆಗೆ ಹೊಂಟಿದ್ಲಲ್ಲ. ನಿಮ್ ಸೊಸೆ ಹೋಗಿದ್ದು ಹಿಂದಿನ್ ದಿನ ಮುನೆಂಕಟಪ್ಪಣ್ಣ. ನೀನೇ ಮಣ್ಣು ಮಾಡ್ಬಂದೆ, ಜ್ಞಾಪ್ಕ ಮಾಡ್ಕ. ನಾನು ಹೇಳ್ದೆ ಈಯಮ್ಮಂಗೆ, ಮಗಳು ಹೋದ್ಲು ಅಂತ. ಹೇಳಿದ್ ಮ್ಯಾಲೆ ಮೊರ ಇಳುಸಿದ್ಲು. ಕೂತ್ಕಂಡು ಅತ್ಲು. ಎದ್ದೋದ್ಲು. ಇಷ್ಟೇಯ. ನಾಲ್ಕು ವರ್ಸದಿಂದ ನನ್ ಬಾಯಿಗೆ ಏನು ಬಡ್ದಿತ್ತೋ.'

'ಅಂಗಾರೆ ಅರ್ಜೀಲಿ?' ಎಂದ ಮುನಿವೆಂಕಟಪ್ಪ. ಅವನ ದನಿ ಇಳಿದಿತ್ತು.

ಗುಂಡಣ್ಣನವರು ಎದ್ದು ನಿಂತರು. 'ಅಮಾವಾಸ್ಯೆ ನನ್ನದಪ್ಪ. ಬಿಚ್ಚಿದ ಕೂದಲು ನನ್ನದು. ಮೂರು ಸುತ್ತು ನನ್ನದು. ಹಿಂದಕ್ಕೆ ನಡೆದದ್ದು ನನ್ನದು. ನೀವು ಅಳುತ್ತಾ ಬಂದಿರಿ, ನಾನು ಕಥೆ ಹೆಣೆದುಕೊಟ್ಟೆ' ಎಂದರು. ಹರಿಕಥೆಯ ದನಿ ಎಲ್ಲಿ ಹೋಗಿತ್ತೋ, ಮಾತು ಹತ್ತಿರದವರಿಗಷ್ಟೇ ಕೇಳಿಸಿತು.

'ಇಲ್ಲ, ನಾನು ಕಣ್ಣಾರೆ ಕಂಡಿದ್ದೀನಿ' ಎಂದು ಹೊಲದ ಹೆಂಗಸು ಅಂದಳು. ಅವಳು ಸಾಯುವ ತನಕ ಹಾಗೇ ಅನ್ನುತ್ತಿದ್ದಳಂತೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತ ಗಾದೆಯಿದೆ. ಕಾಣದೆಯೇ ಕಂಡವರಿಗೆ ಗಾದೆಯೂ ಉಪಯೋಗಕ್ಕೆ ಬರುವುದಿಲ್ಲ.

ಮುನಿವೆಂಕಟಪ್ಪ ಬೆರಳು ಮಡಿಸಿ ದಿನ ಎಣಿಸುತ್ತಿದ್ದ. ಸೊಸೆ ಹೋದ ದಿನ, ಹಬ್ಬ ಮಾಡದೆ ಬಿಟ್ಟ ದಿನ, ಮೊರ ಕಂಡ ದಿನ. ಎಣಿಸಿ ಮುಗಿಸಿ ಕಲ್ಲಿನ ಪಕ್ಕದಲ್ಲೇ ಕೂತುಬಿಟ್ಟ. ಕ್ಷಮೆ ಕೇಳಲಿಲ್ಲ. ಆ ಜನಕ್ಕೆ ಆ ಮಾತು ಬಾಯಿಗೆ ಬರುವುದೂ ಇಲ್ಲ. ತಿರುಗಿ ಹೆಂಡತಿಯ ಕಡೆ ನೋಡಿದ, ಅಷ್ಟೇ. ಭದ್ರಮ್ಮ ಊರೊಳಗೆ ಹೋದಳು.

ಬಂದಾಗ ಅವಳ ಕೈಹಿಡಿದುಕೊಂಡು ನಾಲ್ಕು ವರ್ಷದ ಹುಡುಗಿ. ಅಶ್ವತ್ಥಮ್ಮ ಅಂತ ಹೆಸರಿಟ್ಟಿದ್ದರು. ಹಬ್ಬದ ಹಸಿರು ಲಂಗ, ತಾಯಿಯದೇ ಹಣೆ. ಪಿಳ್ಳಮ್ಮ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

ಮಗು ಕಲ್ಲಿನ ಆಚೆ ನಿಂತ ಹೆಂಗಸನ್ನು ನೋಡಿತು. ಅಜ್ಜಿಯ ಸೆರಗಿನ ಹಿಂದೆ ಸರಿದು, ಗಟ್ಟಿಯಾಗಿಯೇ ಕೇಳಿತು: 'ಅಜ್ಜೀ, ಹಿಂದಿಂದಕ್ಕೆ ನಡ್ಯೋಳು ಇವ್ಳೇನಾ?'

ಗುಂಡಣ್ಣನವರಿಗೆ ಆ ಮಾತಿನ ಗುರುತು ಸಿಕ್ಕಿತು. ಲೇಖನಿ ಒಂದು ಗಳಿಗೆ ನಿಂತು ಮೆಚ್ಚಿಕೊಂಡ ಮಾತು. ಅದು ನಾಲ್ಕು ವರ್ಷ ಬೆಳೆದು, ಲಂಗ ಉಟ್ಟುಕೊಂಡು, ಈ ಮಗುವಿನ ಬಾಯಲ್ಲಿ ಬಂದಿತ್ತು. ಭದ್ರಮ್ಮ ತಲೆ ತಗ್ಗಿಸಿದಳು.

ಪಿಳ್ಳಮ್ಮ ಬಾಯಿಂದ ಕೈ ತೆಗೆದಳು. ಕಣ್ಣು ಒರೆಸಿಕೊಂಡಳು.

'ನಡ್ದು ತೋರುಸ್ಲಾ ಮಗಾ?' ಅಂದಳು. 'ನೋಡ್ತಿರು.'

ಸೀರೆಯ ನೆರಿಗೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದಳು, ಪಾದ ಕಾಣಲಿ ಎಂದು. ಒಂದು ಹೆಜ್ಜೆ ಮುಂದಕ್ಕಿಟ್ಟಳು. ನಿಂತು ಮಗುವಿನ ಮುಖ ನೋಡಿದಳು. ಇನ್ನೊಂದು ಹೆಜ್ಜೆ ಇಟ್ಟಳು. ಮಗು ಸೆರಗು ಬಿಟ್ಟು ಬಗ್ಗಿ ಅವಳ ಪಾದಗಳನ್ನೇ ನೋಡುತ್ತಿತ್ತು. ಜನ ತಾವಾಗಿ ಪಕ್ಕಕ್ಕೆ ಸರಿದರು. ನಾಲ್ಕು ವರ್ಷದ ಮೇಲೆ ಪಿಳ್ಳಮ್ಮ ಗಡಿಕಲ್ಲನ್ನು ಹೀಗೆ ದಾಟಿದಳು, ಒಂದೊಂದೇ ಹೆಜ್ಜೆ, ಮುಂದಕ್ಕೆ.

'ನೆಟ್ಟಗೇ ನಡೀತಾಳೆ' ಎಂದಿತು ಮಗು.